ಡಬ್ಬ ಮೊದಲು, ದರ ಆಮೇಲೆ: ವಿದೇಶಕ್ಕೆ ಪಾರ್ಸೆಲ್ ಕಳಿಸಲು ಯಾವ ದಾರಿ?

"ಅಮೆರಿಕಕ್ಕೆ ಒಂದು ಕೆಜಿಗೆ ಎಷ್ಟಾಗುತ್ತೆ?" ಎಟ್ಸಿ, ಇಬೇಯಂಥ ಆನ್‌ಲೈನ್ ಮಾರಾಟ ತಾಣಗಳಲ್ಲಿ ಹೊಸದಾಗಿ ಅಂಗಡಿ ತೆರೆದವರು ನನ್ನನ್ನು ಮೊದಲು ಕೇಳುವುದು ಇದನ್ನೇ. ನಾನು ತಿರುಗಿ ಕೇಳುತ್ತೇನೆ: ಡಬ್ಬದ ಉದ್ದ, ಅಗಲ, ಎತ್ತರ ಎಷ್ಟು? ಅಲ್ಲಿಗೆ ಅವರ ಮುಖ ಸಣ್ಣದಾಗುತ್ತದೆ. ದರ ಕೇಳಿದರೆ ಇವನು ಡಬ್ಬದ ಮಾತಾಡ್ತಾನಲ್ಲ ಅಂತ.

ನನಗೂ ಇದು ಸುಮ್ನೆ ಬಂದ ಬುದ್ಧಿ ಅಲ್ಲ. ನಾನು ಹುಬ್ಬಳ್ಳಿಯಿಂದ ಇಳಕಲ್ ಸೀರೆ, ಚನ್ನಪಟ್ಟಣದ ಗೊಂಬೆ, ಆಗೊಮ್ಮೆ ಈಗೊಮ್ಮೆ ಬಿದ್ರಿ ಹೂದಾನಿ ಮಾರುತ್ತೇನೆ. ಮೊದಲ ಸಲ ಗೊಂಬೆಗಳ ಒಂದು ದೊಡ್ಡ ಆರ್ಡರ್ ಬಂದಾಗ ಪಕ್ಕದ ಕಿರಾಣಿ ಅಂಗಡಿಯಿಂದ ಬಿಸ್ಕತ್ತಿನ ರಟ್ಟಿನ ಡಬ್ಬ ತಂದೆ. ಒಳಗೆ ಗೊಂಬೆ, ಸಂದಿಗಳಿಗೆ ಹಳೇ ಪೇಪರ್ ಮುದ್ದೆ. ಅಡುಗೆಮನೆ ತಕ್ಕಡಿಯಲ್ಲಿ 1.9 ಕೆಜಿ ತೋರಿಸಿತು. 2 ಕೆಜಿ ದರ ನೋಡಿ ಗಿರಾಕಿಯಿಂದ ಹಣ ತೆಗೆದುಕೊಂಡೆ. ಕೊರಿಯರ್ ಬಿಲ್ಲು ಬಂದದ್ದು 6 ಕೆಜಿಗೆ. ಲಾಭ ಹಾಗಿರಲಿ, ಗೊಂಬೆಯ ಅಸಲೂ ಅದರಲ್ಲೇ ಕೊಚ್ಚಿಹೋಯಿತು. ಮೋಸ ಆಯ್ತು ಅಂತ ಫೋನ್ ಮಾಡಿ ಜಗಳ ತೆಗೆದೆ. ಆ ಕಡೆಯ ಹುಡುಗ ಸಮಾಧಾನವಾಗಿ ಲೆಕ್ಕ ಹೇಳಿದ. ತಪ್ಪು ನನ್ನದೇ.

ಲೆಕ್ಕ ಇಷ್ಟೇ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, 5000ದಿಂದ ಭಾಗಿಸಿ. ಬಂದದ್ದು ಗಾತ್ರದ ತೂಕ, ಕೆಜಿಯಲ್ಲಿ. ಡಿಎಚ್‌ಎಲ್, ಫೆಡ್‌ಎಕ್ಸ್, ಯುಪಿಎಸ್ ಮೂವರದೂ ಇದೇ ಸೂತ್ರ. ತಕ್ಕಡಿ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಿಲ್ಲು. ನನ್ನ ಬಿಸ್ಕತ್ ಡಬ್ಬ 40×30×25 ಇತ್ತು. ಅಂದರೆ 30,000, ಭಾಗಿಸಿದರೆ ಸರಿಯಾಗಿ 6 ಕೆಜಿ. ನಾನು ಗೊಂಬೆಗಿಂತ ಜಾಸ್ತಿ ಗಾಳಿಯನ್ನೇ ವಿಮಾನ ಹತ್ತಿಸಿದ್ದೆ. ಆಮೇಲೆ ಅದೇ ಗೊಂಬೆಗಳನ್ನು ಒತ್ತಾಗಿ ಜೋಡಿಸಿ 32×24×18ರ ಡಬ್ಬದಲ್ಲಿ ಹಿಡಿಸಿದೆ. 2.76 ಬಂತು. ಬಿಲ್ಲು ಅರ್ಧ ಅರ್ಧ ಕೆಜಿಯ ಮೆಟ್ಟಿಲಿನಲ್ಲಿ ಏರುತ್ತದೆ, ಹಾಗಾಗಿ 3 ಕೆಜಿ. ಸರಕು ಅದೇ, ಬಿಲ್ಲಿನ ತೂಕ ಅರ್ಧ.

ಹಾಗಾಗಿ ಯಾವ ದಾರಿ ಅಗ್ಗ ಅನ್ನುವುದು ನಿಮ್ಮ ಸರಕು ಎಂಥದ್ದು ಅನ್ನುವುದರ ಮೇಲಿದೆ. ಮಡಚಿದ ಇಳಕಲ್ ಸೀರೆ 30×25×4ರ ಕವರಿನಲ್ಲಿ ಕೂರುತ್ತದೆ. ಗಾತ್ರದ ತೂಕ 0.6 ಕೆಜಿ, ತಕ್ಕಡಿಯಲ್ಲಿ ಸುಮಾರು 700 ಗ್ರಾಂ. ಎರಡೂ ಹತ್ತಿರ ಹತ್ತಿರ, ತಲೆನೋವಿಲ್ಲ. ಬಿದ್ರಿ ಹೂದಾನಿ 15×15×20ರ ಡಬ್ಬದಲ್ಲಿ 0.9 ಕೆಜಿ ಗಾತ್ರ, ಆದರೆ ಸತು ತಾಮ್ರದ ಲೋಹ, ತಕ್ಕಡಿಯಲ್ಲಿ ಒಂದೂವರೆ ಕೆಜಿ ದಾಟುತ್ತದೆ. ಗೊಂಬೆ ಇದಕ್ಕೆ ತದ್ವಿರುದ್ಧ. ಮುಂದೆ ಓದುವಾಗ ನಿಮ್ಮ ಸಾಮಾನು ಸೀರೆಯ ಜಾತಿಯೋ, ಗೊಂಬೆಯ ಜಾತಿಯೋ, ಹೂದಾನಿಯ ಜಾತಿಯೋ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಯಾವುದನ್ನು ನೋಡಿ ತೂಗಬೇಕು

ದರ ಒಂದನ್ನೇ ನೋಡಿದವರು ಕೈ ಸುಟ್ಟುಕೊಳ್ಳುತ್ತಾರೆ. ನಾನು ನೋಡುವುದು ಐದು ವಿಷಯ. ಒಂದು, ಬಿಲ್ಲಾಗುವ ತೂಕ ಯಾವುದು, ಎಷ್ಟು ಗ್ರಾಮಿನ ಮೆಟ್ಟಿಲಿನಲ್ಲಿ ಏರುತ್ತದೆ. ಎರಡು, ಆ ಕಡೆಯ ಸುಂಕ, ತೆರಿಗೆ ಯಾರು ಕಟ್ಟುತ್ತಾರೆ, ಯಾವಾಗ ಕಟ್ಟುತ್ತಾರೆ. ಮೂರು, ಎಷ್ಟು ದಿನ, ಟ್ರ್ಯಾಕಿಂಗ್ ಕೊನೆವರೆಗೂ ಇರುತ್ತಾ. ನಾಲ್ಕು, ಕಾಗದಪತ್ರ ಯಾರ ತಲೆ ಮೇಲೆ. ಐದು, ಕಳೆದುಹೋದರೆ ಅಥವಾ ವಾಪಸ್ ಬಂದರೆ ಗತಿ ಏನು.

ಇವುಗಳಲ್ಲಿ ಎರಡನೆಯದೇ ಈಗ ಎಲ್ಲಕ್ಕಿಂತ ಭಾರ. ಮೊದಲೆಲ್ಲ ಅಮೆರಿಕಕ್ಕೆ 800 ಡಾಲರ್ ಒಳಗಿನ ಪಾರ್ಸೆಲ್ ಸುಂಕವಿಲ್ಲದೆ ಹೋಗುತ್ತಿತ್ತು. ನಮ್ಮಂಥ ಸಣ್ಣವರ ವ್ಯಾಪಾರ ನಿಂತದ್ದೇ ಅದರ ಮೇಲೆ. 2025ರ ಆಗಸ್ಟ್ 29ಕ್ಕೆ ಆ ವಿನಾಯಿತಿ ಹೋಯಿತು. ಅದಕ್ಕೆ ನಾಲ್ಕು ದಿನ ಮೊದಲೇ ನಮ್ಮ ಅಂಚೆ ಇಲಾಖೆ ಅಮೆರಿಕಕ್ಕೆ ಸರಕಿನ ಬುಕಿಂಗ್ ನಿಲ್ಲಿಸಿತ್ತು. ಸುಂಕ ಯಾರು ವಸೂಲು ಮಾಡಬೇಕು, ಹೇಗೆ ಕಟ್ಟಬೇಕು ಅನ್ನುವುದೇ ಸ್ಪಷ್ಟವಿರಲಿಲ್ಲ. ಅಕ್ಟೋಬರ್ 15ಕ್ಕೆ ಮತ್ತೆ ಶುರುವಾದಾಗ ಪದ್ಧತಿಯೇ ಬದಲಾಗಿತ್ತು: ಆಗ ಘೋಷಿಸಿದ ಬೆಲೆಯ ಶೇ 50ರಷ್ಟಿದ್ದ ಸುಂಕವನ್ನು ಇಲ್ಲೇ, ಬುಕಿಂಗ್ ಮಾಡುವಾಗಲೇ ಕಟ್ಟಬೇಕಿತ್ತು. ಆಮೇಲೂ ಅಮೆರಿಕದ ಸುಂಕದ ಮಾತು ಒಂದು ಕಡೆ ನಿಂತಿಲ್ಲ. ಕಳೆದ ತಿಂಗಳ ಶೇಕಡಾವಾರನ್ನು ನಂಬಿ ಬೆಲೆ ಹಾಕಬೇಡಿ. ಬುಕ್ ಮಾಡುವ ದಿನ ಏನಿದೆಯೋ ಅದೇ ಲೆಕ್ಕ.

ಬ್ರಿಟನ್, ಯುರೋಪಿನ ಕಥೆ ಬೇರೆ. ಬ್ರಿಟನ್ನಿಗೆ 135 ಪೌಂಡ್ ಒಳಗಿನ ಆರ್ಡರಿಗೆ ವ್ಯಾಟನ್ನು 2021ರಿಂದ ಮಾರುಕಟ್ಟೆ ತಾಣವೇ ಗಿರಾಕಿಯಿಂದ ವಸೂಲು ಮಾಡುತ್ತದೆ. ಯುರೋಪ್ ಒಕ್ಕೂಟಕ್ಕೆ 150 ಯೂರೋ ಒಳಗಿನದಕ್ಕೂ ಹಾಗೇ, ತಾಣದ ಐಒಎಸ್ಎಸ್ ಅನ್ನುವ ತೆರಿಗೆ ನೋಂದಣಿ ನಂಬರಿನ ಮೂಲಕ. ಆಸ್ಟ್ರೇಲಿಯಾದಲ್ಲಿ 1000 ಆಸ್ಟ್ರೇಲಿಯನ್ ಡಾಲರ್‌ವರೆಗೆ ಶೇ 10 ಜಿಎಸ್‌ಟಿ, ಅದೂ ತಾಣದ ಕೈಯಲ್ಲೇ. ನಮ್ಮ ಕೆಲಸ ಒಂದೇ: ಆ ನಂಬರನ್ನು ಕಾಗದದ ಮೇಲೆ ಅಷ್ಟೇ ಅಲ್ಲ, ಬುಕಿಂಗಿನ ಡೇಟಾದಲ್ಲೂ ತುಂಬುವುದು. ಒಮ್ಮೆ ನೆದರ್ಲೆಂಡ್ಸ್‌ಗೆ ಕಳಿಸಿದ ಸೀರೆಗೆ ನಾನು ನಂಬರನ್ನು ಇನ್‌ವಾಯ್ಸ್ ಮೇಲೆ ಪೆನ್ನಿನಲ್ಲಿ ಬರೆದು ಕೈತೊಳೆದುಕೊಂಡಿದ್ದೆ. ಆ ಅಕ್ಕನ ಬಾಗಿಲಲ್ಲಿ ಮತ್ತೊಂದು ಸಲ ತೆರಿಗೆ ಕೇಳಿದರು, ಮೇಲೆ ಸೇವಾ ಶುಲ್ಕ ಬೇರೆ. ಅದನ್ನು ನಾನೇ ತುಂಬಿಕೊಟ್ಟೆ.

ಅಂಚೆ ಇಲಾಖೆ

ಸೀರೆಯ ಜಾತಿಗೆ ನನ್ನ ಮೊದಲ ಆಯ್ಕೆ ಇಂದಿಗೂ ಅಂಚೆಯೇ. ಅದರಲ್ಲೂ ಬಗೆಗಳಿವೆ. ಹಳಬರೆಲ್ಲ ನೆಚ್ಚಿಕೊಂಡಿದ್ದ ರಿಜಿಸ್ಟರ್ಡ್ ಸ್ಮಾಲ್ ಪ್ಯಾಕೆಟ್ 2026ರ ಜನವರಿ 1ರಿಂದ ವಿದೇಶಕ್ಕೆ ಇಲ್ಲ. ಅದರ ಜಾಗಕ್ಕೆ ಇರುವುದು ಐಟಿಪಿಎಸ್, ಅಂದರೆ ಟ್ರ್ಯಾಕಿಂಗ್ ಇರುವ ಸಣ್ಣ ಪ್ಯಾಕೆಟ್ ಸೇವೆ. ಆನ್‌ಲೈನ್ ಮಾರಾಟಗಾರರಿಗೆಂದೇ ಮಾಡಿದ್ದು. ಎಲ್ಲ ದೇಶಕ್ಕೂ ಇಲ್ಲ, ನಿಮ್ಮ ಗಿರಾಕಿಯ ದೇಶ ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿಕೊಳ್ಳಿ. ಅದಕ್ಕಿಂತ ಬೇಗ ಬೇಕಾದರೆ ಇಎಂಎಸ್, ಅಂದರೆ ವಿದೇಶಿ ಸ್ಪೀಡ್ ಪೋಸ್ಟ್. ಅಲ್ಲಿ ದರ 250 ಗ್ರಾಮಿನ ಮೆಟ್ಟಿಲಿನಲ್ಲಿ ಏರುತ್ತದೆ. 740 ಗ್ರಾಂ ಇದ್ದರೆ ಸರಿ, 760 ಆಯಿತೋ ಇನ್ನೊಂದು ಮೆಟ್ಟಿಲು. ನಾನು ಸೀರೆಯ ಜೊತೆ ಇಡುವ ಧನ್ಯವಾದದ ಕಾರ್ಡನ್ನು ದಪ್ಪ ರಟ್ಟಿನಿಂದ ತೆಳು ಕಾಗದಕ್ಕೆ ಇಳಿಸಿದ್ದು ಇದೇ ಕಾರಣಕ್ಕೆ.

ನಾನು ಅಂಚೆಯಲ್ಲಿ ಕಳಿಸಿದ್ದಕ್ಕೆಲ್ಲ ತಕ್ಕಡಿ ತೂಕಕ್ಕೇ ಹಣ ಕಟ್ಟಿದ್ದು. ಹಗುರ ಆದರೆ ಉಬ್ಬಿದ ಸಾಮಾನಿಗೆ ಇದು ವರ. ಗಾತ್ರಕ್ಕೆ ಮಿತಿ ಮಾತ್ರ ಇದೆ, ಕೌಂಟರಿಗೆ ಹೊತ್ತುಕೊಂಡು ಹೋಗುವ ಮೊದಲು ಕೇಳಿ.

ಕಾಗದಪತ್ರದ ಭಯ ಈಗ ಮೊದಲಿನಷ್ಟಿಲ್ಲ. 2022ರಿಂದ ಡಾಕ್ ಘರ್ ನಿರ್ಯಾತ್ ಕೇಂದ್ರಗಳು, ಅಂದರೆ ಅಂಚೆ ಕಚೇರಿಯ ರಫ್ತು ಕೇಂದ್ರಗಳು ಬಂದಿವೆ. ದೇಶದಲ್ಲಿ ಸಾವಿರಕ್ಕೂ ಹೆಚ್ಚು ಅಂಚೆ ಕಚೇರಿಗಳಲ್ಲಿ ಈ ಸೌಲಭ್ಯ ಇದೆ. ಮನೆಯಲ್ಲೇ ಕೂತು ರಫ್ತಿನ ಅಂಚೆ ಬಿಲ್ಲನ್ನು ಆನ್‌ಲೈನಿನಲ್ಲಿ ತುಂಬಿ, ಚೀಟಿ ಅಂಟಿಸಿ, ಹತ್ತಿರದ ಕೇಂದ್ರಕ್ಕೆ ಕೊಟ್ಟರೆ ಆಯಿತು. ವ್ಯಾಪಾರಕ್ಕೆ ಕಳಿಸುವವರಿಗೆ ಐಇಸಿ, ಅಂದರೆ ಆಮದು-ರಫ್ತು ಕೋಡ್ ಬೇಕು. ಸರ್ಕಾರಿ ಶುಲ್ಕ 500 ರೂಪಾಯಿ. ಮಧ್ಯವರ್ತಿಗಳು ಸಾವಿರಗಟ್ಟಲೆ ಕೇಳುತ್ತಾರೆ, ಕೊಡಬೇಡಿ, ನೀವೇ ಮಾಡಿಕೊಳ್ಳಬಹುದು. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಒಮ್ಮೆ ನವೀಕರಿಸುವುದನ್ನು ಮರೆಯಬೇಡಿ. ಮರೆತರೆ ನಿಷ್ಕ್ರಿಯವಾಗುತ್ತದೆ, ಗೊತ್ತಾಗುವುದು ಪಾರ್ಸೆಲ್ ಸಿಕ್ಕಿಹಾಕಿಕೊಂಡಾಗಲೇ.

ಅಂಚೆಯ ಕೊರತೆ ಏನು? ಸಮಯ. ಬೇಗ ಹೋದರೆ ಹತ್ತು ದಿನ, ಇಲ್ಲದಿದ್ದರೆ ತಿಂಗಳು. ಟ್ರ್ಯಾಕಿಂಗ್ ವಿಮಾನ ಹತ್ತಿದ ಮೇಲೆ ಕೆಲವು ದಿನ ಮೌನವಾಗುತ್ತದೆ. ಆ ಮೌನದಲ್ಲೇ ಗಿರಾಕಿ "ನನ್ನ ಪಾರ್ಸೆಲ್ ಎಲ್ಲಿ" ಅಂತ ಬರೆಯುತ್ತಾನೆ. ದಸರೆಗೆ ಉಡುವ ಸೀರೆ ಅಂದರೆ ನಾನು ಅಂಚೆಗೆ ಹಾಕುವುದಿಲ್ಲ, ಆಗಸ್ಟಿನಲ್ಲೇ ಆರ್ಡರ್ ಬಂದಿದ್ದರೆ ಮಾತ್ರ ಹಾಕುತ್ತೇನೆ.

ನೇರ ಕೊರಿಯರ್

ಹೂದಾನಿಯ ಜಾತಿಗೆ ಇದು. ಭಾರ, ಬೆಲೆ, ಚಿಕ್ಕ ಡಬ್ಬ. ನಾಲ್ಕೈದು ದಿನಕ್ಕೆ ಮನೆ ಬಾಗಿಲು ಸೇರುತ್ತದೆ, ಎಲ್ಲಿದೆ ಅನ್ನುವುದು ಗಂಟೆಗಂಟೆಗೂ ಗೊತ್ತಾಗುತ್ತದೆ. ಮಾರಿದ ಸರಕಾದ್ದರಿಂದ ಸಿಎಸ್‌ಬಿ-5 ಅನ್ನುವ ಶಿಪ್ಪಿಂಗ್ ಬಿಲ್ಲಿನಲ್ಲೇ, ಅಂದರೆ ಕಸ್ಟಮ್ಸ್‌ಗೆ ಕೊಡುವ ರಫ್ತಿನ ದಾಖಲೆಯಲ್ಲೇ ಕಳಿಸಬೇಕು. "ಸ್ಯಾಂಪಲ್ ಅಂತ ಹಾಕಿಬಿಡಿ, ಸುಲಭ" ಅನ್ನುವವರ ಮಾತು ಕೇಳಬೇಡಿ. ರಫ್ತಿನ ದಾಖಲೆ ಇಲ್ಲದಿದ್ದರೆ ಬ್ಯಾಂಕಿಗೆ ಬಂದ ಡಾಲರಿಗೂ ಜಿಎಸ್‌ಟಿ ಲೆಕ್ಕಕ್ಕೂ ತಾಳೆ ಆಗುವುದಿಲ್ಲ.

ಇಲ್ಲಿನ ಬಲೆ ಅಂದರೆ ಫೋನಿನಲ್ಲಿ ಹೇಳುವ ದರ. ಅದು ಬರೀ ಮೂಲ ದರ. ಲೆಕ್ಕ ತೋರಿಸಲು ಒಂದು ಅಂಕಿ ಹಿಡಿಯೋಣ, ಇದು ಯಾರ ದರಪಟ್ಟಿಯೂ ಅಲ್ಲ. ಮೂಲ ದರ 2,000 ರೂಪಾಯಿ. ಇಂಧನ ಸರ್‌ಚಾರ್ಜ್ ಶೇ 30 ಅಂದರೆ 600. ಒಟ್ಟು 2,600ರ ಮೇಲೆ ಶೇ 18 ಜಿಎಸ್‌ಟಿ, 468. ಎರಡು ಸಾವಿರ ಅಂದದ್ದು 3,068ಕ್ಕೆ ಬಂದು ನಿಂತಿತು. ಗಿರಾಕಿಯ ಮನೆ ಊರಾಚೆ ಇದ್ದರೆ ದೂರದ ಪ್ರದೇಶದ ಶುಲ್ಕ, ವಿಳಾಸದಲ್ಲಿ ಒಂದು ಅಂಕಿ ತಪ್ಪಿದರೆ ತಿದ್ದಿದ್ದಕ್ಕೆ ಶುಲ್ಕ. ಆದ್ದರಿಂದ ಕೇಳುವಾಗ ಹೀಗೆ ಕೇಳಿ: "ಎಲ್ಲ ಸೇರಿ, ಜಿಎಸ್‌ಟಿ ಸೇರಿ, ಈ ಪಿನ್‌ಕೋಡಿಗೆ ಎಷ್ಟು?" ನೀವು ಜಿಎಸ್‌ಟಿ ನೋಂದಣಿ ಮಾಡಿಸಿ, ಎಲ್‌ಯುಟಿ ಅನ್ನುವ, ತೆರಿಗೆ ಕಟ್ಟದೆ ರಫ್ತು ಮಾಡುವ ಮುಚ್ಚಳಿಕೆ ಹಾಕಿ ರಫ್ತು ಮಾಡುತ್ತಿದ್ದರೆ ಆ ಶೇ 18ನ್ನು ಮರುಪಾವತಿಯಾಗಿ ಕೇಳಬಹುದು. ನೋಂದಣಿ ಇಲ್ಲದವರಿಗೆ ಅದು ಪೂರ್ತಿ ಖರ್ಚು. ಅಂಚೆಗೂ ಕೊರಿಯರಿಗೂ ಹೋಲಿಸುವಾಗ ಈ ವ್ಯತ್ಯಾಸ ನೆನಪಿರಲಿ.

ಸುಂಕವನ್ನು ನೀವೇ ಕಟ್ಟುವ ಡಿಡಿಪಿ ಆಯ್ಕೆ ಮಾಡಿದರೆ ಕೊರಿಯರಿನವರು ಮುಂಗಡ ಕಟ್ಟಿದ್ದಕ್ಕೆ ತಮ್ಮದೊಂದು ಶುಲ್ಕ ಸೇರಿಸುತ್ತಾರೆ. ಗಿರಾಕಿಯೇ ಕಟ್ಟಲಿ ಅಂತ ಬಿಟ್ಟರೆ? ನನ್ನ ಅನುಭವದಲ್ಲಿ ಹೊಸ ಗಿರಾಕಿ ಬಾಗಿಲಲ್ಲಿ ಬಿಲ್ಲು ನೋಡಿದ ಕೂಡಲೇ "ಬೇಡ" ಅನ್ನುತ್ತಾನೆ. ಪಾರ್ಸೆಲ್ ವಾಪಸ್, ಆ ಬಿಲ್ಲೂ ನಮಗೇ. ಹಾಗಾಗಿ ಅಮೆರಿಕಕ್ಕೆ ನಾನು ಡಿಡಿಪಿ ಬಿಟ್ಟು ಬೇರೆ ಮಾಡುವುದಿಲ್ಲ.

ಇನ್ನು ವಿಮೆ. ಕೊರಿಯರಿನವರ ಹೊಣೆ ಸಾಮಾನ್ಯವಾಗಿ ತೂಕದ ಲೆಕ್ಕದಲ್ಲಿ, ನಿಮ್ಮ ಸಾಮಾನಿನ ಬೆಲೆಯ ಲೆಕ್ಕದಲ್ಲಲ್ಲ. ಬೆಳ್ಳಿ ಎಳೆ ಕೂರಿಸಿದ ಬಿದ್ರಿಗೆ ವಿಮೆ ಬೇರೆಯಾಗಿ ಮಾಡಿಸಿ. ಸೀರೆಗೆ ನಾನು ಮಾಡಿಸುವುದಿಲ್ಲ.

ಮಧ್ಯದ ಕಂಪನಿಗಳು

ಶಿಪ್‌ರಾಕೆಟ್ ಎಕ್ಸ್‌ನಂಥ ಕಂಪನಿಗಳು ನೂರಾರು ಮಾರಾಟಗಾರರ ಪಾರ್ಸೆಲ್ ಒಟ್ಟುಗೂಡಿಸಿ ಕಳಿಸುತ್ತವೆ. ದೊಡ್ಡ ಕೊರಿಯರಿಗಿಂತ ಅಗ್ಗ, ಅಂಚೆಗಿಂತ ಬೇಗ, ಮನೆಯಿಂದಲೇ ಪಿಕಪ್, ಅಂಗಡಿಯ ಆರ್ಡರ್ ನೇರವಾಗಿ ಅಲ್ಲಿಗೆ ಬಂದು ಕೂರುತ್ತದೆ. ಕೆಲವು ಕಡೆ ಅರ್ಧ ಕೆಜಿಗಿಂತ ಚಿಕ್ಕ ಮೆಟ್ಟಿಲೂ ಸಿಗುತ್ತದೆ. ತಿಂಗಳಿಗೆ ಹದಿನೈದು ಇಪ್ಪತ್ತು ಪಾರ್ಸೆಲ್ ದಾಟಿದವರಿಗೆ, ಅಂಚೆ ಕಚೇರಿಗೆ ಅಲೆಯಲು ಪುರುಸೊತ್ತಿಲ್ಲದವರಿಗೆ ಇದು ಹೊಂದುತ್ತದೆ.

ತೊಡಕು ಬರುವುದು ತೂಕದ ತಕರಾರಿನಲ್ಲಿ. ಅವರ ಗೋದಾಮಿನಲ್ಲಿ ಮತ್ತೆ ಅಳೆಯುತ್ತಾರೆ. ನಾನು 1.5 ಅಂದದ್ದು ಅಲ್ಲಿ 2 ಆಗಿ, ವ್ಯಾಲೆಟ್‌ನಿಂದ ಹಣ ಸದ್ದಿಲ್ಲದೆ ಕಡಿತವಾದದ್ದು ಒಂದೆರಡು ಸಲ ಅಲ್ಲ. ಈಗ ಪ್ರತಿ ಡಬ್ಬವನ್ನೂ ತಕ್ಕಡಿ ಮೇಲಿಟ್ಟು, ಪಕ್ಕಕ್ಕೆ ಟೇಪು ಹಿಡಿದು, ವಿಳಾಸದ ಚೀಟಿ ಕಾಣುವ ಹಾಗೆ ಮೂರು ಫೋಟೋ ತೆಗೆಯುತ್ತೇನೆ. ತಕರಾರಿಗೆ ಅದನ್ನೇ ಲಗತ್ತಿಸುತ್ತೇನೆ, ಬಹುಪಾಲು ಹಣ ವಾಪಸ್ ಬರುತ್ತದೆ. ಇನ್ನೊಂದು ವಿಷಯ: ಡಬ್ಬ ಉಬ್ಬಿದ್ದರೆ ಉಬ್ಬಿದ ಜಾಗದ ಅಳತೆಯೇ ಲೆಕ್ಕ. ಮುಚ್ಚಳ ಗುಮ್ಮಟದಂತೆ ಎದ್ದಿದ್ದರೆ ಎರಡು ಸೆಂಟಿಮೀಟರ್ ಸುಮ್ನೆ ಸೇರಿಹೋಗುತ್ತದೆ.

ಅಲ್ಲಿಯೇ ಸರಕು ಇಡುವುದು

ಒಂದೇ ಸಾಮಾನು ತಿಂಗಳಿಗೆ ನೂರು ಹೋಗುತ್ತದೆ ಅನ್ನುವವರು ಮಾತ್ರ ಇದನ್ನು ಓದಿ. ಪೆಟ್ಟಿಗೆಗಟ್ಟಲೆ ಸರಕನ್ನು ಹಡಗಿನಲ್ಲಿ ಕಳಿಸಿ ಅಮೆಜಾನ್ ಗೋದಾಮಿನಲ್ಲಿ ಇಡಿಸಬಹುದು. ಒಂದೊಂದಕ್ಕೆ ಬೀಳುವ ಸಾಗಣೆ ಖರ್ಚು ನೆಲಕ್ಕಿಳಿಯುತ್ತದೆ, ಗಿರಾಕಿಗೆ ಎರಡು ದಿನಕ್ಕೆ ತಲುಪುತ್ತದೆ. ಆದರೆ ಸುಂಕ ಮೊದಲೇ ಕಟ್ಟಿರುತ್ತೀರಿ, ಗೋದಾಮಿನ ಬಾಡಿಗೆ ತಿಂಗಳು ತಿಂಗಳೂ ಓಡುತ್ತದೆ, ಮಾರದೆ ಉಳಿದರೆ ಬಾಡಿಗೆ ಏರುತ್ತದೆ. ಒಂದೊಂದೂ ಬೇರೆ ಬಣ್ಣ, ಬೇರೆ ಸೆರಗು ಇರುವ ಕೈಮಗ್ಗದ ಸೀರೆಗೆ ಇದು ಆಗದ ಮಾತು. ಮಕ್ಕಳ ಆಟಿಕೆಗೆ ಇನ್ನೊಂದು ಹೊರೆ ಇದೆ: ಅಮೆರಿಕದಲ್ಲಿ 12 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಕ್ಕಳ ಸಾಮಾನಿಗೆ ಲ್ಯಾಬ್ ಪರೀಕ್ಷೆ, ಪ್ರಮಾಣಪತ್ರ ಬೇಕು. ಒಂದು ಗೊಂಬೆ ಕಳಿಸಿದರೂ ನಿಯಮ ಅದೇ. ಆ ಖರ್ಚನ್ನು ಸಾಗಣೆಗಿಂತ ಮೊದಲೇ ಲೆಕ್ಕ ಹಾಕಿ.

ಅಂಗಡಿಯಲ್ಲಿ ದರ ಹಾಕುವುದು

ದಾರಿ ಆರಿಸಿದಿರಿ. ಈಗ ಗಿರಾಕಿಯಿಂದ ಎಷ್ಟು ಕೇಳುವುದು? ಎಟ್ಸಿ ತನ್ನ ಶೇ 6.5 ಕಮಿಷನ್ನನ್ನು ಸಾಮಾನಿನ ಬೆಲೆ ಮೇಲೆ ಮಾತ್ರ ಅಲ್ಲ, ಸಾಗಣೆಗೆ ಅಂತ ನೀವು ಕೇಳಿದ ಹಣದ ಮೇಲೂ ಹಿಡಿಯುತ್ತದೆ. ಇಬೇಯಲ್ಲೂ ಹಾಗೇ. ಇದು ಎಷ್ಟೋ ಜನಕ್ಕೆ ವರ್ಷವಾದರೂ ಗೊತ್ತಿರುವುದಿಲ್ಲ. ಕಮಿಷನ್, ಹಣ ಪಾವತಿಯ ಶುಲ್ಕ ಎಲ್ಲ ಸೇರಿ ಶೇ 10 ಅಂತ ಹಿಡಿಯೋಣ. ನಿಮ್ಮ ನಿಜ ಖರ್ಚು, ಅಂದರೆ ಅಂಚೆ, ಡಬ್ಬ, ಟೇಪು, ಆಟೋ ಸೇರಿ, 1,400 ರೂಪಾಯಿ ಅಂದುಕೊಳ್ಳಿ. ಅದಕ್ಕೆ ಶೇ 10 ಸೇರಿಸಿ 1,540 ಕೇಳಿದರೆ ಕೈಗೆ ಬರುವುದು 1,386. ಸೇರಿಸಬೇಡಿ, ಭಾಗಿಸಿ. 1,400 ಭಾಗಿಸು 0.9, ಅಂದರೆ 1,556. ಒಂದು ಆರ್ಡರಿಗೆ ಹದಿನಾರು ರೂಪಾಯಿ ಏನು ದೊಡ್ಡದು ಅನ್ನಬಹುದು. ಎಟ್ಸಿಯ ಹೊರಗಿನ ಜಾಹೀರಾತಿನಿಂದ ಬಂದ ಆರ್ಡರಾದರೆ ಮತ್ತೆ ಶೇ 12 ಅಥವಾ 15 ಕಡಿತ ಇದೆ, ಅದೂ ಸಾಗಣೆ ಸೇರಿದ ಮೊತ್ತದ ಮೇಲೆ. ಆಗ ಗೊತ್ತಾಗುತ್ತದೆ.

ಹಾಗಾದರೆ ಸಾಗಣೆ ಉಚಿತ ಅಂತ ಹಾಕಿ ಬೆಲೆಯಲ್ಲೇ ಸೇರಿಸಿಬಿಡಲಾ? ಸೀರೆಗೆ ಸೈ. ಗಿರಾಕಿ "ಉಚಿತ" ಅನ್ನುವ ಪದಕ್ಕೆ ಸೋಲುತ್ತಾನೆ. ಆದರೆ ಅಮೆರಿಕಕ್ಕೆ ಒಂದು ಎಚ್ಚರ. ಅಲ್ಲಿನ ಸುಂಕ ಸಾಮಾನಿನ ಬೆಲೆಯ ಮೇಲೆ, ವಿದೇಶಿ ಸಾಗಣೆಯ ಮೇಲೆ ಅಲ್ಲ. ಎಲ್ಲವನ್ನೂ ಒಂದೇ ಬೆಲೆ ಮಾಡಿ ಇನ್‌ವಾಯ್ಸಿನಲ್ಲಿ ಹಾಗೇ ತೋರಿಸಿದರೆ ವಿಮಾನದ ಬಾಡಿಗೆಗೂ ಸುಂಕ ಕಟ್ಟಿದ ಹಾಗಾಯಿತು. ಕಟ್ಟಿದ ನಿಜವಾದ ಸಾಗಣೆ ಖರ್ಚನ್ನು ಇನ್‌ವಾಯ್ಸಿನಲ್ಲಿ ಬೇರೆ ಸಾಲಿನಲ್ಲಿ ಬರೆಯಿರಿ. ಬ್ರಿಟನ್, ಯುರೋಪಿನಲ್ಲಿ ಸಾಗಣೆಯೂ ಸೇರಿದ ಬೆಲೆಗೇ ಲೆಕ್ಕ, ಅಲ್ಲಿ ಇದರಿಂದ ಉಳಿತಾಯ ಇಲ್ಲ. ಇಡೀ ಲೋಕಕ್ಕೆ ಒಂದೇ ಉಚಿತ ದರ ಹಾಕುವುದಂತೂ ಬೇಡ. ಸಿಂಗಪುರದ ಗಿರಾಕಿ ಕೆನಡಾದವನ ಖರ್ಚು ಹೊರುತ್ತಾನೆ, ಅವನು ಬೇರೆ ಅಂಗಡಿ ನೋಡಿಕೊಳ್ಳುತ್ತಾನೆ.

ಯಾರಿಗೆ ಯಾವುದು

ತಿಂಗಳಿಗೆ ಐದಾರು ಆರ್ಡರ್, ಬಟ್ಟೆ, ಆಭರಣ, ಪುಸ್ತಕದಂಥ ಚಪ್ಪಟೆ ಸಾಮಾನು, ಬೆಲೆ ಮೂರು ಸಾವಿರದ ಆಸುಪಾಸು ಅಂದರೆ ಅಂಚೆ. ಕಣ್ಣು ಮುಚ್ಚಿ ಹೇಳುತ್ತೇನೆ. ಹತ್ತು ಸಾವಿರ ದಾಟಿದ ಸಾಮಾನು, ಅಥವಾ ಮದುವೆಗೆ, ಹಬ್ಬಕ್ಕೆ ತಾರೀಕಿನೊಳಗೆ ಸೇರಲೇಬೇಕಾದದ್ದು ಅಂದರೆ ನೇರ ಕೊರಿಯರ್, ಸುಂಕ ಮುಂಗಡ, ವಿಮೆ ಸಮೇತ. ಹಗುರ, ಉಬ್ಬಿದ ಸಾಮಾನಿಗೆ ಮೊದಲು ಅಂಚೆಯ ಗಾತ್ರದ ಮಿತಿಯಲ್ಲಿ ಹಿಡಿಯುತ್ತಾ ನೋಡಿ, ಹಿಡಿಯದಿದ್ದರೆ ಮಧ್ಯದ ಕಂಪನಿ. ಆರ್ಡರ್ ಜಾಸ್ತಿಯಾಗಿ ದಿನಾ ಅಂಚೆಗೆ ಹೋಗುವುದೇ ಒಂದು ಕೆಲಸವಾಗಿದ್ದರೂ ಮಧ್ಯದ ಕಂಪನಿಯೇ. ಒಂದೇ ದಾರಿಗೆ ಗಂಟುಬೀಳಬೇಕು ಅಂತೇನಿಲ್ಲ. 2025ರ ಆಗಸ್ಟಿನಲ್ಲಿ ಅಂಚೆ ನಿಂತಾಗ ಇನ್ನೊಂದು ಖಾತೆ ಇದ್ದವರ ಅಂಗಡಿ ನಡೆಯಿತು, ಇಲ್ಲದವರು ಏಳು ವಾರ ಅಮೆರಿಕದ ಆರ್ಡರ್ ತೆಗೆದುಕೊಳ್ಳದೆ ಕೂತರು.

ಕೊನೆಗೆ, ಕಸ್ಟಮ್ಸ್ ಫಾರಂನಲ್ಲಿ ಒಂದು ಕಾಲಂ ಇರುತ್ತದೆ: ತಲುಪಿಸಲು ಆಗದಿದ್ದರೆ ಏನು ಮಾಡಬೇಕು? ವಾಪಸ್ ಕಳಿಸಿ, ಇಲ್ಲವೇ ಅಲ್ಲೇ ಬಿಟ್ಟುಬಿಡಿ. ಅವಸರದಲ್ಲಿ ಎಲ್ಲರೂ "ವಾಪಸ್" ಗುರುತು ಹಾಕುತ್ತಾರೆ. ವಾಪಸ್ ಬರುವ ಖರ್ಚು ನಮ್ಮದೇ. 800 ರೂಪಾಯಿಯ ಕಸೂತಿ ದಿಂಬಿನ ಕವರಿಗೆ ನಾನು "ಬಿಟ್ಟುಬಿಡಿ" ಅಂತ ಹಾಕುತ್ತೇನೆ. ಸೀರೆಗೆ, ಬಿದ್ರಿಗೆ "ವಾಪಸ್". ಗೊಂಬೆಗೆ ಮಾತ್ರ ಪ್ರತಿ ಸಲ ಪೆನ್ನು ಹಿಡಿದು ಒಂದು ನಿಮಿಷ ಯೋಚಿಸುತ್ತೇನೆ.